ಶಮಶಾದಬಿಯ ಹದಿನೆಂಟು ಉತ್ತರಗಳು

ಬಸವನ ಬಾಗೇವಾಡಿ
೬ ಜನವರಿ ೧೯೫೮

ಅಬ್ದುಲಗನಿಗೆ,

ನಿನ್ನ ತಕರಾರು ಅರ್ಜಿಯ ನಕಲನ್ನು ಇಂಡಿಯ ವಕೀಲರು ಕಳಿಸಿದ್ದಾರೆ. ಶಾಲೆ ಬಿಟ್ಟ ಮೇಲೆ, ಹುಡುಗಿಯರೆಲ್ಲ ಹೋದ ಮೇಲೆ, ಖಾಲಿ ವರ್ಗದಲ್ಲಿ ಕುಳಿತು ಓದಿದೆ. ಮುದ್ದೇಬಿಹಾಳದ ಮಾಮಲೇದಾರ ಕಚೇರಿಯ ಕಾರಕೂನನಾದ ನಿನ್ನ ಅಕ್ಷರ ಎಷ್ಟು ದುಂಡಗಿದೆ. 'ಸದರಿ ಶಮಶಾದಬಿ ಇವಳ ಬುದ್ಧಿ ಸ್ತಿಮಿತದಲ್ಲಿರುವುದಿಲ್ಲ' ಎಂಬ ಸಾಲೂ ದುಂಡಗಿದೆ. ಸದರಿ ಶಮಶಾದಬಿ ನಮ್ಮ ಅವ್ವ.

ನಿಕಾಹದ ಹೊತ್ತಿಗೆ ಅಪ್ಪ ಮಹರು ಎಂದು ಅವ್ವನಿಗೆ ಬರೆದುಕೊಟ್ಟದ್ದು ತಾಂಬಾದ ಆ ಎರಡೂವರೆ ಎಕರೆ ಹೊಲ. ಅದನ್ನು ದುರ್ಗವ್ವನ ಹೆಸರಿಗೆ ಬಕ್ಷೀಸಪತ್ರ ಮಾಡಿಕೊಡಬೇಕು ಎಂದು ಅವಳು ನನಗೆ ಮೂರು ವರ್ಷದಿಂದ ಹೇಳುತ್ತಿದ್ದಾಳೆ. ಈಗ ಆ ಪತ್ರ ಬರೆಸಿ ಇಂಡಿಯ ನೋಂದಣಿ ಕಚೇರಿಗೆ ಕೊಟ್ಟಿದ್ದೇವೆ. ಗಂಡ ಸತ್ತ ದುರ್ಗವ್ವ ಅವ್ವನ ಜೊತೆ ಆ ಹೊಲಕ್ಕೆ ಇಳಿದು ನಲವತ್ತು ವರ್ಷವಾಯಿತು. ನೀನು ನಡೆಯಲು ಕಲಿತದ್ದು ಅವಳ ಬೆರಳು ಹಿಡಿದು. ಕೊಡುವುದು ನಿನಗೆ ಇಷ್ಟವಿಲ್ಲ, ಅದು ನನಗೆ ಅರ್ಥವಾಗುತ್ತದೆ. ಇಷ್ಟವಿಲ್ಲ ಎಂದು ಬರೆಯಬೇಕಿತ್ತು. ಅವ್ವನಿಗೆ ತಲೆ ಇಲ್ಲ ಎಂದು ಯಾಕೆ ಬರೆದೆ?

ನಿನ್ನ ಅಕ್ಕ,
ಸಾಬೀರಾ


ಮುದ್ದೇಬಿಹಾಳ
೧೪ ಜನವರಿ ೧೯೫೮

ಸಾಬೀರಾ ಆಪಾಗೆ ಸಲಾಮು.

ನೀನು ಬಾಗೇವಾಡಿಯಿಂದ ತಾಂಬಾಕ್ಕೆ ಹಬ್ಬಕ್ಕೊಮ್ಮೆ ಬರುತ್ತೀ. ಆ ಎರಡು ದಿನ ಅವ್ವ ಹೊಸ ಸೀರೆ ಉಟ್ಟು ನಿನ್ನ ಎದುರು ಕುಳಿತು ನಗುತ್ತಾಳೆ. ನೀನು ನೋಡುವುದು ಅಷ್ಟನ್ನೇ.

ಕಳೆದ ಶ್ರಾವಣದಲ್ಲಿ ಅವಳು ದೇವರ ಹಿಪ್ಪರಗಿಯ ಸಂತೆಗೆ ಹೋದವಳು ತಾಂಬಾದ ಬಸ್ಸು ಬಿಟ್ಟು ಸಿಂದಗಿಯ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ ಯಂಕಂಚಿಗೆ, ತವರಿಗೆ, ಅವ್ವ ಕಾಯುತ್ತಿದ್ದಾಳೆ ಎಂದಳಂತೆ. ಯಂಕಂಚಿಯ ಆ ಮನೆ ಬಿದ್ದು ಇಪ್ಪತ್ತು ವರ್ಷವಾಗಿದೆ. ನಿನಗೆ ಇದನ್ನು ತಿಳಿಸಬೇಡ ಎಂದು ನನ್ನ ಕೈ ಹಿಡಿದುಕೊಂಡಳು, ಅದಕ್ಕೆ ತಿಳಿಸಲಿಲ್ಲ. ಹೋದ ತಿಂಗಳು ನಾನು ಒಳಗೆ ಕಾಲಿಟ್ಟಾಗ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿದಳು. ನನ್ನನ್ನು ತೀರಿಹೋದ ನಮ್ಮ ಅಪ್ಪ ಎಂದು ತಿಳಿದಿದ್ದಳು. ಸೆರಗು ಸರಿಪಡಿಸಿಕೊಳ್ಳುವ ಆ ನಾಚಿಕೆಯನ್ನು ನೋಡಿ ನಾನು ಅಂಗಳಕ್ಕೆ ಬಂದು ನಿಂತೆ, ಆಪಾ. ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಮನೆಯ ದಾರಿಯೇ ತಿಳಿಯದವಳು ಹೊಲ ಕೊಡುವುದನ್ನು ಹೇಗೆ ತಿಳಿದಾಳು?

ನೋಂದಣಿ ಸಾಹೇಬರು ಫೆಬ್ರುವರಿ ೨೪ಕ್ಕೆ ಅವಳನ್ನು ಎದುರಿಗೆ ಕೂರಿಸಿಕೊಂಡು ತಾವೇ ವಿಚಾರಿಸುತ್ತಾರಂತೆ. ವಿಚಾರಿಸಲಿ. ಅವಳು ಸರಿಯಾಗಿ ಉತ್ತರ ಹೇಳಿದರೆ ನಾನು ಅರ್ಜಿ ಹಿಂದೆ ತೆಗೆದುಕೊಂಡು ಅದೇ ಬಕ್ಷೀಸಪತ್ರಕ್ಕೆ ಸಾಕ್ಷಿ ರುಜು ಹಾಕುತ್ತೇನೆ. ಇದು ನನ್ನ ಮಾತು.

ತಮ್ಮ,
ಅಬ್ದುಲಗನಿ


ಸಿಂದಗಿ
೨ ಫೆಬ್ರುವರಿ ೧೯೫೮

ಸಾಬೀರಾಬಾಯಿಯವರಿಗೆ,

ನೀವು ಕೇಳಿಕೊಂಡಂತೆ ತಾಂಬಾಕ್ಕೆ ಹೋಗಿ ನಿಮ್ಮ ತಾಯಿಯವರನ್ನು ನೋಡಿ ಬಂದೆ. ವೈದ್ಯಕೀಯ ಸರ್ಟಿಫಿಕೇಟು ಇದರೊಡನೆ ಇದೆ. ಅದರಲ್ಲಿ ಬರೆಯಲಾಗದ ನಾಲ್ಕು ಮಾತು ಇಲ್ಲಿ ಬರೆಯುತ್ತೇನೆ.

ಅವರ ನೆನಪು ಹೋಗುತ್ತಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಬೆಳಿಗ್ಗೆ ಏನು ಉಂಡರು ಎಂಬುದು ಅವರಿಗೆ ನೆನಪಿರಲಿಲ್ಲ. ಇಸವಿ ಗೊತ್ತಿಲ್ಲ. ನಮ್ಮದು ಯಾವ ರಾಜ್ಯ ಎಂದರೆ ಮುಂಬೈ ಎಂದರು. ಹದಿನೈದು ತಿಂಗಳ ಹಿಂದೆ ಕೇಳಿದ್ದರೆ ಅದೇ ಸರಿಯುತ್ತರ. ಅದನ್ನು ನಾನು ತಪ್ಪು ಎಂದು ಹಿಡಿಯಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟು ಮಜ್ಜಿಗೆ ಕುಡಿಯುತ್ತ ಹೊಲದ ಮಾತು ತೆಗೆದೆ. ಅಲ್ಲಿ ಅವರು ಬೇರೆ ಮನುಷ್ಯರಾದರು. ಯಾವ ಹೊಲ, ಎಷ್ಟು, ಮೂಡಲಿಗೆ ಯಾರದು, ಪಡುವಲಿಗೆ ಯಾರದು, ಕೊಟ್ಟರೆ ಯಾರಿಗೆ ಸಿಟ್ಟು, ಯಾರಿಗೆ ಅನ್ನ, ಎಲ್ಲವೂ ಅವರ ಕೈಯ ಗೆರೆಯಷ್ಟು ಸ್ಪಷ್ಟ. ನಾನು ಕೆಣಕಲೆಂದೇ, ಕೊಟ್ಟ ಮೇಲೆ ದುರ್ಗವ್ವ ನಿಮ್ಮನ್ನು ನೋಡಿಕೊಳ್ಳದೆ ಹೊರಗೆ ಹಾಕಿದರೆ ಏನು ಮಾಡುತ್ತೀರಿ ಎಂದೆ.

"ಹೊರಗ ಹಾಕಿದ್ರ ಅಕೀ ಮನಿಗೇ ಹೋಗಿ ಉಣ್ತೇನ್ರಿ. ಮತ್ತೆಲ್ಲಿ ಹೋಗ್ಲಿ?" ಎಂದರು. ದುರ್ಗವ್ವ ಅಲ್ಲೇ ಕಂಬಕ್ಕೆ ಒರಗಿ ಕುಳಿತು ನಗುತ್ತಿದ್ದಳು.

ನೆನಪು ಒಂದು, ತೀರ್ಮಾನ ಮಾಡುವ ಶಕ್ತಿ ಇನ್ನೊಂದು. ಮೊದಲನೆಯದು ಸೋರಿದರೂ ಎರಡನೆಯದು ಒಂದೊಂದು ವಿಷಯದಲ್ಲಿ ಬಹುಕಾಲ ನಿಲ್ಲುತ್ತದೆ. ಈ ಹೊಲವನ್ನು ಕೊಡುವಷ್ಟು ಬುದ್ಧಿ ಅವರಿಗಿದೆ. ನಾಳೆ ಇನ್ನೊಂದು ವ್ಯವಹಾರಕ್ಕೆ ಇದೆಯೋ ಇಲ್ಲವೋ, ಅದನ್ನು ಆಗ ಮತ್ತೆ ನೋಡಬೇಕು.

ಆದರೆ ಸಾಹೇಬರು ನನ್ನ ಕಾಗದಕ್ಕಿಂತ ತಮ್ಮ ಕಣ್ಣನ್ನು ನಂಬುತ್ತಾರೆ, ನಂಬಬೇಕಾದದ್ದೂ ಹೌದು. ಬೆಳಗಿನ ಹೊತ್ತು ಕರೆದೊಯ್ಯಿರಿ. ಹೊಟ್ಟೆಗೆ ಏನಾದರೂ ಕೊಟ್ಟಿರಿ. ಹೆಚ್ಚಿನದೇನೂ ಬೇಡ.

ನಿಮ್ಮ ವಿಶ್ವಾಸಿ,
ಡಾ. ರಾವಸಾಬ


ತಾಂಬಾ
೧೯ ಫೆಬ್ರುವರಿ ೧೯೫೮

ಡಾಕ್ಟರ ಸಾಹೇಬರಿಗೆ,

ಹತ್ತು ದಿನದ ರಜೆ ಹಾಕಿ ಅವ್ವನ ಬಳಿ ಬಂದಿದ್ದೇನೆ. ನಿಮ್ಮ ಪತ್ರ ಧೈರ್ಯ ಕೊಟ್ಟಿತು, 'ನೆನಪು ಹೋಗುತ್ತಿದೆ' ಎಂಬ ಸಾಲು ಅದನ್ನು ತೆಗೆದುಕೊಂಡಿತು. ಹಾಗೇ ಬಿಡಲು ನನ್ನಿಂದ ಆಗಲಿಲ್ಲ.

ಇನ್‌ಸ್ಪೆಕ್ಟರರು ಬರುವ ಮೊದಲು ನಾವು ಶಾಲೆಯಲ್ಲಿ ಏನು ಮಾಡುತ್ತೇವೆಂದು ನಿಮಗೆ ಗೊತ್ತಿರಬಹುದು. ಅವರು ಕೇಳುವ ಪ್ರಶ್ನೆಗಳು ಇಂಥವೇ ಎಂದು ಗೊತ್ತಿರುತ್ತದೆ. ತಿಂಗಳ ಮೊದಲಿನಿಂದ ಒಂದರ ಹಿಂದೆ ಒಂದು ಹೇಳಿಸುತ್ತೇವೆ. ದಡ್ಡ ಹುಡುಗಿಯೂ ಅವತ್ತು ಪಟಪಟ ಹೇಳುತ್ತಾಳೆ. ಇಪ್ಪತ್ತು ವರ್ಷದಿಂದ ನನ್ನ ವರ್ಗ ಒಮ್ಮೆಯೂ ತಲೆ ತಗ್ಗಿಸಿಲ್ಲ.

ಅವ್ವನಿಗಾಗಿ ಹದಿನೆಂಟು ಪ್ರಶ್ನೆ ಬರೆದುಕೊಂಡೆ. ಹೆಸರು, ವಯಸ್ಸು, ಊರು, ತಾಲೂಕು, ಜಿಲ್ಲೆ, ರಾಜ್ಯ, ಇಸವಿ, ವಾರ, ಮಕ್ಕಳೆಷ್ಟು, ಹೀಗೆ. ಹೊಲದ ಸರ್ವೆ ನಂಬರು ಹನ್ನೊಂದನೆಯದು. ದುರ್ಗವ್ವನ ವಿಚಾರ ಹದಿನೈದರ ನಂತರ. ಮೊದಮೊದಲು ಅವ್ವ ಮಧ್ಯೆ ಮಧ್ಯೆ ಬೇರೆ ಕತೆ ತೆಗೆಯುತ್ತಿದ್ದಳು. ಊರು ಎಂದರೆ ತಾಂಬಾಕ್ಕೆ ತಾನು ಮದುವೆಯಾಗಿ ಬಂದ ಬಂಡಿಯ ಎತ್ತಿನ ಬಣ್ಣ ಹೇಳುವಳು. ಈಗ ಇಲ್ಲ. ಕಣ್ಣು ಮುಚ್ಚಿ ಒಂದರಿಂದ ಹದಿನೆಂಟರವರೆಗೆ ತಪ್ಪಿಲ್ಲದೆ ಹೇಳುತ್ತಾಳೆ. ಮುಂಬೈ ಹೋಗಿ ಮೈಸೂರು ಬಂದಿದೆ.

ದುರ್ಗವ್ವ ಜೋಳದ ಕೊಯಿಲಿನಿಂದ ಬಂದವಳು ಹೊಸ್ತಿಲ ಮೇಲೆ ನಿಂತು ಕೇಳುತ್ತಾಳೆ. "ನಲವತ್ತ ವರ್ಷ ನನಗ ಬೈದಾಕಿ ಈಗ ಸಾಲಿ ಹುಡುಗಿ ಆಗ್ಯಾಳ. ನಾಳೆ ಪಾಟಿ ಹಿಡಕೊಂಡು ಹೊಲಕ್ಕ ಬರ್ತಾಳ ನೋಡ್ರಿ ಅಕ್ಕೋರ" ಎಂದು ನನ್ನನ್ನೂ ಸೇರಿಸಿ ಹಾಸ್ಯ ಮಾಡುತ್ತಾಳೆ. ಅವ್ವ ನಗುವುದಿಲ್ಲ. ತಪ್ಪೀತು ಎಂಬ ಹೆದರಿಕೆ.

ಒಂದೇ ಕಡೆ ಅವಳು ಹಟ ಹಿಡಿದಳು. ಮಕ್ಕಳೆಷ್ಟು ಎಂದರೆ ಮೂರು ಎನ್ನುತ್ತಿದ್ದಳು. ನಾವು ಬದುಕಿರುವುದು ಇಬ್ಬರು. ನಡುವಿನವಳು ಮೆಹರಾಜ ನಾಲ್ಕು ವರ್ಷದವಳಿದ್ದಾಗ ಹೋದಳು. ಮೂರು ಎಂದರೆ ಸಾಹೇಬರು ತಪ್ಪು ಹಾಕುತ್ತಾರೆ, ಎರಡು ಅನ್ನು ಎಂದೆ. "ಮೆಹರಾಜನ್ನ ಎಣಸಬಾರದೇನು?" ಎಂದು ಕೇಳಿದಳು. ಕಚೇರಿಯಲ್ಲಿ ಬೇಡ ಎಂದೆ. ಈಗ ಎರಡು ಎನ್ನುತ್ತಾಳೆ.

ನಿಮ್ಮ,
ಸಾಬೀರಾ


ಬಸವನ ಬಾಗೇವಾಡಿ
೨೬ ಫೆಬ್ರುವರಿ ೧೯೫೮

ಡಾಕ್ಟರ ಸಾಹೇಬರಿಗೆ,

ನೀವು ಬರೆದ ಕಾರ್ಡು ವಿಚಾರಣೆಗೆ ಎರಡು ದಿನ ಮೊದಲೇ ತಾಂಬಾಕ್ಕೆ ಬಂದಿತ್ತು. 'ಇವತ್ತೇ ನಿಲ್ಲಿಸಿ. ಅವರು ನನಗೆ ಉತ್ತರ ಹೇಳಿದ್ದು ನಾನು ಪರೀಕ್ಷೆ ಮಾಡುತ್ತಿದ್ದೇನೆಂದು ಅವರಿಗೆ ಅನ್ನಿಸದೆ ಇದ್ದುದರಿಂದ.' ಓದಿದೆ. ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ. ವೈದ್ಯರಿಗೆ ರೋಗ ಗೊತ್ತು, ಪರೀಕ್ಷೆ ಗೊತ್ತಿರುವುದು ನನಗೆ ಎಂದುಕೊಂಡೆ.

ನೋಂದಣಿ ಸಾಹೇಬರು ಕೆಟ್ಟವರಲ್ಲ. ವಯಸ್ಸಾದವರು. ಕುಂದ್ರವಾ ಎಂದು ತಾವೇ ಕುರ್ಚಿ ಸರಿಸಿದರು. ನಿಮ್ಮ ಸರ್ಟಿಫಿಕೇಟನ್ನು ಓದಿ ಪಕ್ಕಕ್ಕಿಟ್ಟರು. ನಾನು ಒಂದು ಗೋಡೆಗೆ, ತಮ್ಮ ಇನ್ನೊಂದು ಗೋಡೆಗೆ ನಿಂತಿದ್ದೆವು. ಯಾರೂ ನಡುವೆ ಬಾಯಿ ಹಾಕಬಾರದು ಎಂದು ಮೊದಲೇ ಹೇಳಿದ್ದರು.

ಹೆಸರು ಕೇಳಿದರು. ಅವ್ವ ಗಂಟಲು ಸರಿಮಾಡಿಕೊಂಡು ಶಮಶಾದಬಿ ಮೋದಿನಸಾಬ ಎಂದಳು. ನನ್ನ ಎದೆ ಹಗುರವಾಯಿತು. ಆಗ ಸಾಹೇಬರು ಬಾಗಿಲ ಹೊರಗೆ ಕುಳಿತ ದುರ್ಗವ್ವನ ಕಡೆ ತೋರಿಸಿ, ಅವ್ವನಿಗೆ ಸಲೀಸಾಗಲೆಂದೇ ಇರಬೇಕು, ನಗುತ್ತ ಕೇಳಿದರು:

"ಆ ಹೆಣ್ಣಮಗಳು ನಿಮಗ ಏನಾಗಬೇಕವಾ?"

ಅವ್ವ ಕಣ್ಣು ಮುಚ್ಚಿದಳು. "ಎಪ್ಪತ್ತೆರಡು" ಎಂದಳು.

ಅಲ್ಲಿನ ಕಾರಕೂನ ನಕ್ಕ. ಅವನು ನಕ್ಕದ್ದಕ್ಕೆ ಅವ್ವನೂ ನಕ್ಕಳು. ಮನೆಗೆ ಬಂದವರು ನಕ್ಕರೆ ನಗುವುದು ಅವಳ ರೂಢಿ. ಸಾಹೇಬರು ಅವನನ್ನು ಗದರಿಸಿ, ಸಾವಕಾಶ ಹೇಳು, ಮಕ್ಕಳೆಷ್ಟು ಮಂದಿ ಎಂದರು. ತಾಂಬಾ ಎಂದಳು. ಹೊಲವನ್ನು ಯಾಕೆ ಕೊಡುತ್ತೀ ಎಂದರು. ಇಂಡಿ ತಾಲೂಕು ಎಂದಳು.

ಅಷ್ಟು ಹೊತ್ತಿಗೆ ಏನೋ ತಪ್ಪುತ್ತಿದೆ ಎಂದು ಅವಳಿಗೇ ತಿಳಿಯಿತು. ಕಣ್ಣು ತೆರೆದು ನನ್ನನ್ನು ಹುಡುಕಿದಳು. ನಾನು ತುಟಿ ಅಲುಗಿಸುವಂತಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದು ಎದ್ದು ನಿಂತು, "ಮೊದಲಿಂದ ಕೇಳ್ರಿ ಸಾಹೇಬ್ರ, ನನಗ ಎಲ್ಲಾ ಬರ್ತೈತಿ" ಎಂದಳು.

ಸಾಹೇಬರು ಲೇಖನಿ ಕೆಳಗಿಟ್ಟರು.

ಕೊನೆಗೆ ಅವರು ಕೇಳಿದ್ದು ಯಾವುದನ್ನು ಎಂದು ನೋಡಿದಿರಾ? ಯಾಕೆ ಕೊಡುತ್ತೀ ಎಂಬುದನ್ನು. ಅದೊಂದಕ್ಕೆ ಅವಳ ಬಳಿ ಯಾರೂ ಕಲಿಸದ ಉತ್ತರವಿತ್ತು. ಅದನ್ನು ನಾನು ಹದಿನೇಳನೆಯದಕ್ಕೆ ಇಟ್ಟಿದ್ದೆ.

ಸಾಬೀರಾ


ಮುದ್ದೇಬಿಹಾಳ
೯ ಮಾರ್ಚ್ ೧೯೫೮

ಆಪಾ,

ಹುಕುಂ ಬಂತು. ಬರೆದುಕೊಡುವವಳು ಸ್ವಸ್ಥಚಿತ್ತಳಾಗಿ ಕಾಣದ್ದರಿಂದ ಬಕ್ಷೀಸಪತ್ರದ ನೋಂದಣಿ ನಿರಾಕರಿಸಲಾಗಿದೆ. ತಾರೀಖು ನಾಲ್ಕು. ವಿಜಾಪುರದ ಮೇಲಿನ ಸಾಹೇಬರಿಗೆ ಅಪೀಲು ಮಾಡುವುದಿದ್ದರೆ ಮೂವತ್ತು ದಿನ ಇದೆ.

ನಾನು ಗೆದ್ದೆ ಎಂದು ನೀನು ತಿಳಿದಿರಬಹುದು. ಒಂದು ಮಾತು ಹೇಳಬೇಕು. ಇದನ್ನು ಮೂರು ಸಲ ಬರೆದು ಹರಿದೆ.

ವಿಚಾರಣೆಗೆ ಮೂರು ದಿನ ಮೊದಲು ನಾನು ತಾಂಬಾಕ್ಕೆ ಹೋಗಿದ್ದೆ. ನೀನು ವಕೀಲರನ್ನು ಕಾಣಲು ಇಂಡಿಗೆ ಹೋಗಿದ್ದೆಯಂತೆ. ಮಧ್ಯಾಹ್ನ. ಅವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನಾನೆಂದೇ ಗುರುತಿಸಿದಳು. ಎದುರು ಕುಕ್ಕರುಗಾಲಲ್ಲಿ ಕುಳಿತು, ಯಾಕವ್ವಾ ಕೊಡುತ್ತೀ ಎಂದೆ. ಕೈ ನಿಲ್ಲಿಸದೆ ಹೇಳಿದಳು.

"ಕಾಗದದಾಗ ಹೊಲ ನಂದು, ಕೈಯಾಗ ಅಕೀದು. ನಾ ಸತ್ತ ಮರುದಿನ ನೀ ಬಂದು, ದುರ್ಗವ್ವ ಹೊರಗ ನಡಿ ಅಂತಿ. ಅನ್ನಂಗಿಲ್ಲ ಅಂತ ಈಗ ಹೇಳ್ತಿ, ಆಮ್ಯಾಲ ಅಂತಿ. ನಿನಗ ನಿಮ್ಮಪ್ಪನ ಹೊಲ ಐತಿ. ಇದು ನನ್ನ ಮಹರು. ನಿಮ್ಮಪ್ಪ ನನಗ ಕೊಡೂವಾಗ ಯಾರನೂ ಕೇಳಲಿಲ್ಲ. ನಾ ಕೊಡೂವಾಗ ಯಾಕ ಕೇಳ್ಬೇಕು?"

ಸ್ವಲ್ಪ ಹೊತ್ತಿನ ಮೇಲೆ, ನಾನು ಕೇಳದೆಯೇ, "ನೀ ಸಿಟ್ಟಾಗ್ತಿ. ಎರಡು ವರ್ಷ ಮಾತಾಡಂಗಿಲ್ಲ. ಆಮ್ಯಾಲ ಬರ್ತಿ" ಎಂದಳು.

ಇಷ್ಟು ಕೇಳಿದವನು ನಾನು. ಅವತ್ತು ಕಚೇರಿಯಲ್ಲಿ ಅವಳು ಇಂಡಿ ತಾಲೂಕು ಎಂದಾಗ, ಸಾಹೇಬರೇ, ಈ ಪ್ರಶ್ನೆಗೆ ಇವಳು ನನಗೆ ಉತ್ತರ ಹೇಳಿದ್ದಾಳೆ ಎಂದು ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ನಡುವೆ ಬಾಯಿ ಹಾಕಬಾರದು ಎಂದಿದ್ದರಲ್ಲ, ಆ ಮಾತಿನ ಹಿಂದೆ ಅಡಗಿ ನಿಂತೆ. ಸರಿಯುತ್ತರ ಹೇಳಿದರೆ ರುಜು ಹಾಕುವೆನೆಂದು ನಿನಗೆ ಬರೆದಿದ್ದೆ. ಹೇಳಿದಳು. ನಾನು ರುಜು ಹಾಕಲಿಲ್ಲ.

ಒಂದು ತಿಳಿಯುವುದಿಲ್ಲ. ಮೂರು ದಿನದ ಮೊದಲು ಅಷ್ಟು ನೆಟ್ಟಗೆ ಮಾತಾಡಿದವಳಿಗೆ ಅವತ್ತು ಏನಾಯಿತು?

ಅಬ್ದುಲಗನಿ


ಬಸವನ ಬಾಗೇವಾಡಿ
೧೫ ಮಾರ್ಚ್ ೧೯೫೮

ತಮ್ಮಾ,

ಏನಾಯಿತು ಎಂದು ಕೇಳಿದ್ದೀ. ನಾನು ಆದೆ.

ಹದಿನೆಂಟು ಪ್ರಶ್ನೆ ಬರೆದು ಎಂಟು ದಿನ ಹೇಳಿಸಿದೆ. ಅವತ್ತು ಕಚೇರಿಯಲ್ಲಿ ಅವಳು ಹೇಳಿದ್ದು ಆ ಪಟ್ಟಿಯ ಎರಡು, ಮೂರು, ನಾಲ್ಕನೆಯ ಉತ್ತರ. ಸಾಹೇಬರು ಕೇಳುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ, ನನ್ನ ಪಟ್ಟಿ ಒಳಗೆ ಓಡುತ್ತಿತ್ತು. ಸಾಯುವ ಕಾಲದಲ್ಲಿ ಮಕ್ಕಳು ಎರಡೇ ಅನ್ನು ಎಂದು ಮೆಹರಾಜಳನ್ನೂ ಅವಳ ಬಾಯಿಂದ ತೆಗೆಸಿದೆ. ಅವಳ ತಲೆ ಸರಿಯಿದೆ ಎಂದು ಜಗತ್ತಿಗೆ ಹೇಳಲು ಹೊರಟವಳು ನಾನೇ ಅದನ್ನು ನಂಬಿರಲಿಲ್ಲ. ನಂಬಿದ್ದರೆ ಯಾಕೆ ಕಲಿಸುತ್ತಿದ್ದೆ? ನೀನು ಅನುಮಾನವನ್ನು ಅರ್ಜಿಯಲ್ಲಿ ಬರೆದೆ, ನಾನು ಪಟ್ಟಿಯಲ್ಲಿ ಬರೆದೆ.

ಏಪ್ರಿಲ್ ಮೂರರವರೆಗೆ ಸಮಯವಿದೆ. ಇಬ್ಬರೂ ವಿಜಾಪುರಕ್ಕೆ ಹೋಗೋಣ. ನಾನು ಕಲಿಸಿದ್ದನ್ನು ನಾನು ಹೇಳುತ್ತೇನೆ, ನೀನು ಕೇಳಿದ್ದನ್ನು ನೀನು ಹೇಳು. ಡಾಕ್ಟರು ಮತ್ತೊಮ್ಮೆ ನೋಡಿ ಬರೆದುಕೊಡಲು ಒಪ್ಪಿದ್ದಾರೆ. ರಜೆ ಸಿಗುವುದು ತಿಂಗಳ ಕೊನೆಗೆ. ನೀನು ಮೊದಲು ಹೋಗಿ ಅವ್ವನನ್ನು ಒಪ್ಪಿಸು.

ಸಾಬೀರಾ


ತಾಂಬಾ
೨೫ ಮಾರ್ಚ್ ೧೯೫೮

ಆಪಾ,

ಅರ್ಜಿ ಹಿಂದೆ ತೆಗೆದುಕೊಂಡು, ನಾನು ಕೇಳಿದ್ದನ್ನು ಬರೆದು ರುಜು ಹಾಕಿ ವಕೀಲರ ಕೈಗೆ ಕೊಟ್ಟೇ ಇಲ್ಲಿಗೆ ಬಂದೆ. ತಡವಾಯಿತು ಎನ್ನಿಸುತ್ತದೆ.

ವಿಜಾಪುರಕ್ಕೆ ಹೋಗೋಣ ಎಂದೆ. ಅವ್ವ ನನ್ನನ್ನು ಕನಿಕರದಿಂದ ನೋಡಿದಳು. "ತೆಲಿ ಇಲ್ಲದಾಕಿನ್ನ ಕರಕೊಂಡು ಎಲ್ಲಿ ತಿರಗ್ತಿ ತಮ್ಮಾ? ಸರಕಾರದವರು ಬರದು ಕೊಟ್ಟಾರ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಕಾಳಿನ ಕೋಣೆಯ ಕೀಲಿಕೈ ಸೊಂಟದಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು.

ದುರ್ಗವ್ವ ರಾಶಿ ಮುಗಿಸಿ ಜೋಳವನ್ನೆಲ್ಲ ನಮ್ಮ ಮನೆಗೆ ಹಾಕಿಸಿ, ಊರು ಬಿಡಲು ಗಂಟು ಕಟ್ಟಿದ್ದಳು. ತನ್ನ ತಮ್ಮನ ಊರಿಗಂತೆ. ನಾನು ಅವಳ ಗುಡಿಸಲಿಗೆ ಹೋದೆ. ನೀನೇ ಮಾಡಿಕೊಂಡು ಉಣ್ಣು, ಅವ್ವನ ನಂತರ ನಾನೇ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ ಎಂದೆ. ಅವಳು ಗಂಟಿನ ಮೇಲೆ ಕೈಯಿಟ್ಟು ಹೇಳಿದಳು:

"ನಿಮ್ಮವ್ವ ಕೊಡ್ತಿದ್ದಳು, ನಾ ತೊಗೋತಿದ್ದೆ. ನಿನ್ನ ಕಡಿಂದ ತೊಗೊಂಡ್ರ, ಅಕಿಗೆ ತೆಲಿ ಇರಲಿಲ್ಲ ಅಂತ ನಾನೂ ಹೆಬ್ಬೆಟ್ಟ ಒತ್ತಿದಂಗ ಆಕ್ಕೈತಿ. ನನ್ನ ಕೈಲೆ ಅದು ಆಗಂಗಿಲ್ಲಪಾ."

ಹೋಗುವಾಗ ಅವ್ವನ ಬಳಿ ಹತ್ತು ನಿಮಿಷ ಕುಳಿತಿದ್ದಳು. ಇಬ್ಬರೂ ಮಾತಾಡಿದ್ದು ನನಗೆ ಕೇಳಿಸಲಿಲ್ಲ. ಮಾತಾಡಿದರೋ ಇಲ್ಲವೋ.

ಬೇಗ ಬಾ.

ಅಬ್ದುಲಗನಿ


ತಾಂಬಾ
೩ ಏಪ್ರಿಲ್ ೧೯೫೮

ತಮ್ಮಾ,

ಇವತ್ತು ಮೂವತ್ತನೆಯ ದಿನ. ವಕೀಲರು ನಿನ್ನ ಹೇಳಿಕೆ, ನನ್ನ ಹೇಳಿಕೆ ಎರಡನ್ನೂ ಸಿದ್ಧ ಮಾಡಿಟ್ಟಿದ್ದರು. ಡಾಕ್ಟರರ ಕಾಗದವೊಂದು ಬೇಕಿತ್ತು. ಅಪೀಲು ಹೋಗಲಿಲ್ಲ. ಯಾಕೆಂದು ನಿನಗೆ ಬರೆಯುವುದು ನನ್ನ ಪಾಲಿನ ಕೆಲಸ.

ಮೊನ್ನೆ ಡಾಕ್ಟರರು ಬಂದಿದ್ದರು. ಅಂದಿನ ಹಾಗೆಯೇ ಕಂಬದ ಬಳಿ ಕುಳಿತು ಹೊಲದ ಮಾತು ತೆಗೆದರು. ಅವ್ವ ನನ್ನತ್ತ ನೋಡಿದಳು. ನಾನು ಎದ್ದು ಹೊರಗೆ ಹೋದೆ. ಅವಳು ಬಾಗಿಲನ್ನೇ ನೋಡುತ್ತ ಕುಳಿತಳಂತೆ. ಮೂಡಲಿಗೆ ಯಾರ ಹೊಲ ಎಂದರೆ, ಯಾರದೆಂದು ಹೇಳಬೇಕು ಎಂದು ಅವರನ್ನೇ ಕೇಳಿದಳಂತೆ. ಅವರು ಒಂದು ಗಂಟೆ ಇದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಫೆಬ್ರುವರಿಯಲ್ಲಿ ಬರೆದದ್ದನ್ನು ಇವತ್ತು ಬರೆದರೆ ಸುಳ್ಳಾಗುತ್ತದೆ ಎಂದರು. ಎಂದಾದರೂ ಮರಳೀತೇ ಎಂದೆ. ಅವರು ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.

ರಮಜಾನಿನಲ್ಲಿ ರೋಜಾ ಇಡಬೇಡ, ವಯಸ್ಸಾಯಿತು ಎಂದು ನಾವು ಹತ್ತು ವರ್ಷದಿಂದ ಜಗಳವಾಡಿದರೂ ಕೇಳಿದವಳಲ್ಲ, ನಿನಗೆ ಗೊತ್ತು. ಈ ಸಲ ದಿನಾ ನನ್ನನ್ನು ಕೇಳುತ್ತಾಳೆ, ಇವತ್ತು ರೋಜಾ ಇಡಲೇ ಎಂದು. ಬೇಡ ಎಂದರೆ ಉಣ್ಣುತ್ತಾಳೆ. ನಿನ್ನೆ ಬೇಕೆಂದೇ, ನಿನ್ನ ಮನಸ್ಸಿಗೆ ಬಂದಂತೆ ಮಾಡವ್ವಾ ಎಂದೆ. ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತಳು. ರೊಟ್ಟಿ ಆರಿತು. ಉಪವಾಸವೂ ಅಲ್ಲ, ಊಟವೂ ಅಲ್ಲ. ಕೊನೆಗೆ ನಾನೇ ಮುರಿದು ಬಾಯಿಗಿಟ್ಟೆ.

ದುರ್ಗವ್ವ ಹೋಗಿ ಒಂಬತ್ತು ದಿನವಾಯಿತು. ನಲವತ್ತು ವರ್ಷ ಮುಂಜಾನೆ ಅವಳ ದನಿ ಕೇಳಿಯೇ ಅವ್ವ ಬುತ್ತಿ ಕಟ್ಟುತ್ತಿದ್ದುದು. ಈಗಲೂ ಆ ಹೊತ್ತಿಗೆ ಹೊಸ್ತಿಲಲ್ಲಿ ಬಂದು ಕೂರುತ್ತಾಳೆ. ಬಿಸಿಲು ಏರಿದ ಮೇಲೆ ಒಳಗೆ ಬರುತ್ತಾಳೆ. ದುರ್ಗವ್ವ ಎಲ್ಲಿ ಎಂದು ಒಮ್ಮೆಯೂ ಕೇಳಿಲ್ಲ. ಇವತ್ತು ಬೀದಿಯ ಕೊನೆಯವರೆಗೂ ನೋಡಿ, ನನ್ನ ಕಡೆ ತಿರುಗಿ ಬಾಯಿ ತೆರೆದಳು. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಕಾದೆ. ಕೇಳುವುದು ಸರಿಯೋ ತಪ್ಪೋ ಎಂದು ನನ್ನ ಮುಖದಲ್ಲಿ ಹುಡುಕಿದಳು. ಸಿಗಲಿಲ್ಲವೇನೋ. ಬಾಯಿ ಮುಚ್ಚಿಕೊಂಡಳು.

ನಿನ್ನ ಅಕ್ಕ,
ಸಾಬೀರಾ